ಹನ್ನೆರಡಕ್ಕೆ ನಾಲ್ಕು ಕೂಡಿಸಿದರೆ

ಗೆಳೆಯರೇ, ಇವತ್ತು ಮುಂಜಾನೆ ಬನಹಟ್ಟಿಯಲ್ಲಿ ಒಂದು ವಿದ್ಯುತ್ ಮಗ್ಗದ ಮುಂದೆ ಕಳ್ಳನ ಹಾಗೆ ನಿಂತಿದ್ದೆ.

ಸೀರೆಗೆ ಎಷ್ಟು ಎಳೆ ಹಾಕಬೇಕೆಂದು ಚೀಟಿ ಕೊಡುವ ಪ್ರೋಗ್ರಾಂ ನನ್ನದೇ. ಬರೆದದ್ದು ಜಾವಾಸ್ಕ್ರಿಪ್ಟಿನಲ್ಲಿ. ಆ ಕಂಪ್ಯೂಟರ್ ಭಾಷೆಯ ಪರವಾಗಿ ಹತ್ತು ವರ್ಷ ಜಗಳಾಡಿದವನು ನಾನು. ಸೀರೆಯ ದಡಿಯ ಜರಿಗೆರೆಗೆ 12 ಎಳೆ ಇತ್ತು, ಮಗ್ಗದ ಮಾಲಕಿ ಶಾಂತಕ್ಕ ಇನ್ನೂ 4 ಕೂಡಿಸಲು ಹೇಳಿದ್ದರು. ನನ್ನ ಪ್ರೋಗ್ರಾಂ ಕೂಡಿಸಲಿಲ್ಲ. ಸಂಖ್ಯೆಯನ್ನು ಅಕ್ಷರವೆಂದು ತಿಳಿದು, 12ರ ಪಕ್ಕಕ್ಕೆ 4 ಅಂಟಿಸಿ 124 ಎಂದು ಅಚ್ಚು ಹಾಕಿತು. ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆ, ಹಾಕುವ ಮಲ್ಲಪ್ಪ ಚೀಟಿ ನಂಬಿ ಅಷ್ಟೂ ಎಳೆ ಹಾಕಿಬಿಟ್ಟಿದ್ದ. ಮದುವೆ ಸೀರೆಗಳು ನಾಡಿದ್ದೇ ಹೋಗಬೇಕು.

"ತಮ್ಮಾ, ಅಡ್ಡ ಹೊಕ್ಕಿನ ಒಂದ ಎಳಿ ಹರೀತಂದ್ರ ನನ್ನ ಮಗ್ಗ ತಾನ ನಿಂದರತೈತಿ. ನಿಂದ್ಯಾಕ ನಿಂದರಲಿಲ್ಲ?" ಶಾಂತಕ್ಕನ ದನಿ ಏರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

"ಆ ಭಾಷಾನ ಹಂಗ ಅಕ್ಕಾರ. ಏನ್ ಕೊಟ್ರೂ ಹೂಂ ಅಂತೈತಿ."

"ಮತ್ತ ಎಲ್ಲಾರೂ ಅದನ್ನ ಬಳಸತಾರ ಅಂದಿದ್ದಿ?"

"ಖರೇನರಿ. ಜಗತ್ತೆಲ್ಲಾ ಬಳಸತೈತಿ."

"ಹಂಗಿದ್ರ ಜಗತ್ತನ್ನ ಕರಿ. ಬಿಚ್ಚಾಕ ಕೈ ಸಾಲವಲ್ವು."

ಜಗತ್ತು ಬರಲಿಲ್ಲ. ನಾನೇ ಕೂತು ಹೆಚ್ಚಾದ ನೂರೆಂಟು ಎಳೆ ಬಿಚ್ಚಿದೆ. ಒಂದೊಂದು ಎಳೆಗೂ ಆ ಭಾಷೆಯ ಹೆಸರು ಹೇಳಿದೆ. ಜಪ ಎಂದುಕೊಳ್ಳಬೇಡಿ.