ಇಲ್ಲ ಎಂದು ಬರೆದುಕೊಡಿ

ಆಸ್ಪತ್ರೆಯ ಹಾಸುಬಟ್ಟೆಯನ್ನು ಒಬ್ಬರೇ ಮಡಚಲು ಬರುವುದಿಲ್ಲ. ಎರಡು ತುದಿಗೆ ಇಬ್ಬರು ನಿಂತು, ಎಳೆದು, ಒಂದು ಸಲ ಜಾಡಿಸಿ, ನಡುವಿಗೆ ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಹದಿನಾಲ್ಕು ವರ್ಷಗಳಿಂದ ಅವಳು ದಿನಕ್ಕೆ ಇನ್ನೂರು ಸಲ ಹೀಗೆ ನಡೆದು ಹೋಗಿ, ಎದುರಿಗೆ ನಿಂತ ದೊಡ್ಡಮ್ಮನ ಕೈ ಮುಟ್ಟಿ ಹಿಂದಿರುಗಿದ್ದಾಳೆ. ದೊಡ್ಡಮ್ಮ ಅವಳ ನೆಂಟಳಲ್ಲ. ಆಸ್ಪತ್ರೆಯ ಒಗೆತದ ಮನೆಯಲ್ಲಿ ಎಲ್ಲರಿಗಿಂತ ಹಳಬಳು, ಮೊಣಕಾಲು ನೋವಿನವಳು, ಬಾಯಿ ಜೋರಿನವಳು. ಇವಳಿಗೆ ಅಲ್ಲಿನವರು ಇಟ್ಟ ಹೆಸರು ಮಡಿಕೆಯಕ್ಕ. ಇವಳು ಮಡಚಿದ ಬಟ್ಟೆಯ ಅಂಚಿನಲ್ಲಿ ನೂಲೆಳೆಯಷ್ಟೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ.

ಹೊಸ ಹಾಸುಬಟ್ಟೆ ಬಂದ ದಿನ ಅದರ ಮೂಲೆಗೆ ಮುದ್ರೆ ಒತ್ತುವುದೂ ಅವಳದೇ ಕೆಲಸ. ಮೇಲೆ ವಾರ್ಡಿನ ನಂಬರು, ಕೆಳಗೆ ತಾರೀಖು. ಎಷ್ಟು ಕುದಿಸಿದರೂ ಹೋಗದ ಕಪ್ಪು ಶಾಯಿ. ಹರಿದು ನೆಲ ಒರೆಸಲು ಹೋಗುವ ಬಟ್ಟೆಗೂ ಅಲ್ಲಿ ಒಂದು ಹುಟ್ಟಿದ ದಿನವಿತ್ತು. ಅವಳ ಮಗಳಿಗೆ ಇರಲಿಲ್ಲ.

ಮಗಳು ಹುಟ್ಟಿದ್ದು ಬಸ್ಸಿನಲ್ಲಿ, ಎರಡು ಊರುಗಳ ನಡುವಿನ ಸೇತುವೆಯ ಮೇಲೆ. ಹೆರಿಗೆಗೆ ಇನ್ನೂ ದಿನಗಳಿವೆ ಎಂದುಕೊಂಡು ಆಚೆ ದಂಡೆಯಲ್ಲಿದ್ದ ಅಕ್ಕನ ಮನೆಗೆ ಹೊರಟಿದ್ದಳು. ನೋವು ಅವಳ ಲೆಕ್ಕವನ್ನು ಕೇಳಲಿಲ್ಲ. ಹಿಂದಿನ ಸೀಟಿನ ಮುದುಕಿಯೊಬ್ಬಳು ಹೊದಿಕೆ ಅಡ್ಡ ಹಿಡಿಸಿ ಮಗುವನ್ನು ಎತ್ತಿಕೊಂಡಳು. ಬಸ್ಸು ನಿಲ್ಲಲಿಲ್ಲ. ಮುಂದೆ ಹೆಸರು ಬರೆಸಲು ಹೋದಾಗ ಈಚೆ ದಂಡೆಯ ಜನನ ನೋಂದಣಿ ಕಚೇರಿ ಮಗು ಆಚೆಯದು ಎಂದಿತು, ಆಚೆಯ ಕಚೇರಿ ಈಚೆಯದು ಎಂದಿತು.

"ಸೇತುವೆಯ ಯಾವ ಕಡೆಗಮ್ಮ?" ಎಂದು ಈಚೆಯ ಗುಮಾಸ್ತ ಕೇಳಿದ್ದ.

"ಮಧ್ಯದಲ್ಲಿ ಸಾರ್."

"ಮಧ್ಯ ಅಂದ್ರೆ ಹೇಗೆ? ತಲೆ ಮೊದಲು ಬಂತಲ್ಲ, ಅದು ಎಲ್ಲಿ ಬಂತು?"

ಪಕ್ಕದ ಮೇಜಿನವನು ತಲೆಯೆತ್ತದೆ ಹೇಳಿದ. "ತಲೆ ನಮ್ಮದು, ಕಾಲು ಅವರದು ಅಂತ ಬರ್ಕೊಳಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೆಲಸ ಆಗಿಬಿಡುತ್ತದೆ ಎಂದು ಅವಳಿಗೆ ಆಗ ಇನ್ನೂ ಅನ್ನಿಸುತ್ತಿತ್ತು.

ಮಗಳನ್ನು ಮನೆಯಲ್ಲಿ ಚೂಟಿ ಎನ್ನುತ್ತಿದ್ದರು. ಆರು ತುಂಬಿದಾಗ ಶಾಲೆಯ ಟೀಚರಮ್ಮ ಅವಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಿಕೊಂಡರು; ಹಾಜರಿ ಪುಸ್ತಕಕ್ಕೆ ಹೆಸರು ಏರಿಸಲು ಮಾತ್ರ ಜನನ ಪತ್ರ ಬೇಕು ಎಂದರು. ಬೆಳಿಗ್ಗೆ ಮೂವತ್ತೊಂದು ಹೆಸರು ಕೂಗುತ್ತಿದ್ದರು. ಮೂವತ್ತೊಂದನೆಯದು ಮುಗಿದ ಮೇಲೆ ಚೂಟಿ ಯಾರಿಗೂ ಕೇಳದಂತೆ, ತುಟಿ ಮಾತ್ರ ಅಲುಗಿಸಿ, "ಬಂದಿದ್ದೀನಿ" ಎನ್ನುತ್ತಿದ್ದಳು. ಇದನ್ನು ಟೀಚರಮ್ಮನೇ ಒಂದು ದಿನ ತಾಯಿಗೆ ಹೇಳಿದರು. ಹೇಳಿ, ಒರೆಸಿದ ಹಲಗೆಯನ್ನೇ ಮತ್ತೆ ಒರೆಸಿದರು.

ಐದನೆಯ ತರಗತಿಯ ಕೊನೆಗೆ ದೊಡ್ಡ ಪರೀಕ್ಷೆ. ಹಾಜರಿಯಲ್ಲಿ ಹೆಸರಿಲ್ಲದವರು ಅದನ್ನು ಬರೆಯುವಂತಿಲ್ಲ. ಹನ್ನೆರಡು ತುಂಬಿದ ಮೇಲೆ ಹೊಸದಾಗಿ ಹೆಸರು ಏರಿಸುವಂತಿಲ್ಲ. ಮಡಿಕೆಯಕ್ಕನಿಗೆ ತಿಳಿದಿದ್ದ ಕಾನೂನು ಇಷ್ಟೇ. ಚೂಟಿಗೆ ಆಗ ಎಂಟು ವರ್ಷ.

ಆ ವರ್ಷ ಒಬ್ಬ ವಕೀಲಮ್ಮ, ಕಾಯಿಲೆ ಬಿದ್ದ ತಂದೆಯನ್ನು ನೋಡಲು ದಿನಾ ಆಸ್ಪತ್ರೆಗೆ ಬರುತ್ತಿದ್ದರು. ಮಡಿಕೆಯಕ್ಕ ಹಾಸುಬಟ್ಟೆ ಬದಲಿಸಲು ಹೋದಾಗ ಮಾತು ಮಾತಿನಲ್ಲಿ ಸೇತುವೆಯ ಕಥೆ ಹೊರಗೆ ಬಂತು. ವಕೀಲಮ್ಮ ಕೋರ್ಟಿಗೆ ಅರ್ಜಿ ಹಾಕಿದರು. ಅರ್ಜಿಯನ್ನು ಪರಿಶೀಲಿಸಿರಿ ಎಂದು ಕೋರ್ಟು ಕಚೇರಿಗೆ ಹೇಳಿತು. ಪರಿಶೀಲಿಸುತ್ತಿದ್ದೇವೆ ಎಂದು ಕಚೇರಿ ಕೋರ್ಟಿಗೆ ಹೇಳಿತು. ಮಾತು ಅಲ್ಲಿಗೆ ನಿಂತಿತು.

"ಇನ್ನೊಂದು ದಾರಿ ಇದೆ," ಎಂದರು ವಕೀಲಮ್ಮ. "ಮಕ್ಕಳ ಹಕ್ಕುಗಳಿಗೆ ಅಂತಲೇ ವಿಶ್ವಸಂಸ್ಥೆಯಲ್ಲಿ ಒಂದು ಸಮಿತಿ ಇದೆ. ಬೇರೆ ಬೇರೆ ದೇಶದ ಹದಿನೆಂಟು ಜನ. ಒಂದು ಮಗುವಿನ ಪರವಾಗಿ ಅಲ್ಲಿಗೆ ದೂರು ಬರೆಯಬಹುದು. ನಮ್ಮ ದೇಶಾನೂ ಅದಕ್ಕೆ ಒಪ್ಪಿ ಸಹಿ ಹಾಕಿದೆ."

"ನಮ್ಮ ಚೂಟಿ ವಿಷಯ ಹದಿನೆಂಟು ಜನ ಕೂತು ಓದ್ತಾರಾ?"

"ಓದ್ತಾರೆ. ಆದರೆ ಮೊದಲು ಇಲ್ಲಿನ ಬಾಗಿಲುಗಳನ್ನೆಲ್ಲ ತಟ್ಟಿದ್ದೀವಿ, ಯಾವುದೂ ತೆರೀಲಿಲ್ಲ ಅಂತ ತೋರಿಸಬೇಕು. ಆಗೋದಿಲ್ಲ ಅಂತ ಕಚೇರಿಯವರು ಬರೆದುಕೊಟ್ಟರೆ ನಮ್ಮ ಕೈ ಗಟ್ಟಿಯಾಗುತ್ತೆ."

ಅವಳು ಹಗುರಾಗಿ ಮನೆಗೆ ಬಂದಳು. ಗಂಡ ಒಂದು ಗೋದಾಮಿನ ಕಾವಲುಗಾರ. ಹಗಲು ಮಲಗಿ ಎದ್ದು ಬೂಟು ಹುಡುಕುತ್ತಿದ್ದ.

"ಇಲ್ಲ ಅಂತ ಬರೆಸ್ಕೊಂಡು ಬರಬೇಕಂತೆ," ಎಂದಳು.

"ಅದೇನು ಕಷ್ಟ? ಎಂಟು ವರ್ಷದಿಂದ ಅದನ್ನೇ ತಾನೆ ಕೊಟ್ಟಿರೋದು." ಬೂಟಿನೊಳಗೆ ಕೈ ಹಾಕಿ ಚೂಟಿಯ ಪೆನ್ಸಿಲು ತೆಗೆದ. "ಇಗೋ, ಹುಟ್ಟದೇ ಇರೋರ ಸಾಮಾನು."

ಮರುದಿನ ಅವಳು ಈಚೆಯ ಕಚೇರಿಗೆ ಹೋದಳು.

"ಆಗೋದಿಲ್ಲ ಅಂತ ಒಂದು ಕಾಗದದಲ್ಲಿ ಬರೆದುಕೊಡಿ ಸಾರ್."

ಗುಮಾಸ್ತನಿಗೆ ನಿಜಕ್ಕೂ ನೋವಾಯಿತು. "ನಾನು ಯಾವತ್ತಮ್ಮ ಆಗೋದಿಲ್ಲ ಅಂದೆ? ನೋಡೋಣ ಅಂದಿದ್ದೀನಿ. ಒಂದು ದಿನವಾದರೂ ನಿಮ್ಮನ್ನ ಬೈದು ಕಳಿಸಿದ್ದೀನಾ?"

ಬೈದಿರಲಿಲ್ಲ. ಅವಳು ಒಪ್ಪಲೇಬೇಕಾಯಿತು.

"ಮತ್ತೆ? ನಮ್ಮ ಕಚೇರೀಲಿ ಇಲ್ಲ ಅನ್ನೋ ಪದ್ಧತಿ ಇಲ್ಲ. ಮುಂದಿನ ವಾರ ಬನ್ನಿ."

ಆಚೆಯ ಕಚೇರಿಯಲ್ಲಿ ಒಬ್ಬ ಹೆಂಗಸು ಇದ್ದಳು. ಅವಳು ಇನ್ನೂ ಒಳ್ಳೆಯವಳು. ಕುರ್ಚಿ ತೋರಿಸಿ ಕೂರಲು ಹೇಳಿದಳು. "ಬರೆದುಕೊಟ್ಟರೆ ನಾಳೆ ನನ್ನ ತಲೆಗೇ ಬರುತ್ತೆ ಅಕ್ಕಾ. ಬಾಯಲ್ಲಿ ಹೇಳ್ತೀನಿ ಕೇಳಿ, ಆಗಲ್ಲ. ಆದರೆ ನಾನು ಹೇಳಿದೆ ಅನ್ನಬೇಡಿ." ಅಲ್ಲಿನ ಮೇಲಧಿಕಾರಿಯ ಕೋಣೆಯಲ್ಲಿ ಸಾಹೇಬರು, ತಾಯಿಯ ಜೊತೆ ಬಂದಿದ್ದ ಚೂಟಿಯನ್ನು ಹತ್ತಿರ ಕರೆದು ಕೆನ್ನೆ ತಟ್ಟಿದರು, ಜಾಣೆ ಎಂದರು, ಈ ಮಗು ಹುಟ್ಟಿದ್ದಕ್ಕೆ ಪುರಾವೆ ಏನಿದೆ ಎಂದು ಕೇಳಿದರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಇಲ್ಲಿ ಹುಣ್ಣು ಎದುರಿಗೇ ಎರಡು ಜಡೆ ಹಾಕಿಕೊಂಡು ನಿಂತಿತ್ತು, ಅವರು ಕನ್ನಡಿ ಹುಡುಕುತ್ತಿದ್ದರು.

"ಇಲ್ಲ ಅಂತ ಕೊಡಲ್ಲ ಅಂದ್ರೆ, ಎಳೆದಾಡಿದ್ದಾರೆ ಅಂತ ಆದರೂ ತೋರಿಸಬಹುದು," ಎಂದರು ವಕೀಲಮ್ಮ. "ತೀರಾ ಎಳೆದಾಡಿದರೂ ಸಮಿತಿಗೆ ಹೋಗೋಕೆ ಅವಕಾಶ ಇದೆ. ನೀವು ಎಷ್ಟು ಸಲ ಹೋಗಿದ್ದೀರಿ, ಯಾವ್ಯಾವತ್ತು? ಅರ್ಜಿ ಮುಟ್ಟಿತು ಅಂತ ಸೀಲು ಹಾಕಿಸ್ಕೊಂಡಿದ್ದೀರಾ?"

ಸೀಲು ಯಾರೂ ಹಾಕಿರಲಿಲ್ಲ. ಅಂದಿನಿಂದ ಅವಳು ತಾನೇ ಹಾಕತೊಡಗಿದಳು. ಹರಿದ ಹಾಸುಬಟ್ಟೆಯ ಒಂದು ಪಟ್ಟಿಯನ್ನು ಕತ್ತರಿಸಿಕೊಂಡು, ಕಚೇರಿಗೆ ಹೋಗಿ ಬಂದ ಪ್ರತಿ ದಿನ ಒಗೆತದ ಮನೆಯ ಮುದ್ರೆಯಿಂದ ಅದರ ಮೇಲೆ ತಾರೀಖು ಒತ್ತಿದಳು. ಅಲ್ಲಿನ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ನೋಡಿಯೂ ನೋಡದಂತೆ ಇದ್ದ.

"ಗೋಡೆಗೆ ತಲೆ ಚಚ್ಚಿಕೊಳ್ಳೋದಲ್ಲದೆ ಎಷ್ಟು ಸಲ ಚಚ್ಚಿದೆ ಅಂತ ಬೇರೆ ಗುರುತು ಹಾಕ್ತೀಯಲ್ಲೇ," ಎಂದಳು ದೊಡ್ಡಮ್ಮ. ಹಾಗೆಂದವಳೇ ಶಾಯಿ ಹರಡದಂತೆ ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಒಂದು ವರ್ಷದಲ್ಲಿ ನಲವತ್ತಮೂರು ಮುದ್ರೆಗಳಾದವು. ವಕೀಲಮ್ಮ ಬಟ್ಟೆಯ ಫೋಟೋ ತೆಗೆದು ದೂರಿಗೆ ಸೇರಿಸಿ ಕಳಿಸಿದರು. ಚೂಟಿಗೆ ಒಂಬತ್ತು ತುಂಬಿತ್ತು.

ಆಮೇಲೆ ಕಾಯುವುದೊಂದೇ ಕೆಲಸ. ದೂರು ತಲುಪಿದೆ ಎಂದು ಐದು ತಿಂಗಳಿಗೆ ಒಂದು ಕಾಗದ ಬಂತು. ಸರ್ಕಾರದ ಉತ್ತರ ಕೇಳಿದ್ದೇವೆ ಎಂದು ಇನ್ನೊಂದು. ಸರ್ಕಾರ ಹೆಚ್ಚಿನ ಕಾಲಾವಕಾಶ ಕೇಳಿದೆ ಎಂದು ಮತ್ತೊಂದು. ಚೂಟಿಗೆ ಹತ್ತಾಯಿತು. ತಮ್ಮ ಮುಂದೆ ಬಹಳ ಮಕ್ಕಳ ದೂರುಗಳಿವೆ ಎಂದು ಒಂದು ಕಾಗದ ಬಂತು. ಅದನ್ನು ಕೇಳಿ ಮಡಿಕೆಯಕ್ಕ, "ಪಾಪ, ಅವರಿಗೂ ಕೈ ಸಾಲಲ್ಲ," ಎಂದಳು. ಚೂಟಿಗೆ ಹನ್ನೊಂದಾಯಿತು. ಪರೀಕ್ಷೆಯ ದಿನ ಅವಳು ಶಾಲೆಯ ಮೆಟ್ಟಿಲ ಮೇಲೆ ಕುಳಿತು, ಹೊರಗೆ ಬಂದವರಿಂದ ಪ್ರಶ್ನೆಪತ್ರಿಕೆ ಇಸಿದುಕೊಂಡು ಎಲ್ಲ ಉತ್ತರಗಳನ್ನೂ ಬಾಯಲ್ಲೇ ಹೇಳಿದಳಂತೆ. ಟೀಚರಮ್ಮ ಮುಂದಿನ ವರ್ಷವೂ ಅವಳನ್ನು ಅದೇ ಬೆಂಚಿನಲ್ಲಿ ಕೂರಿಸಿಕೊಂಡರು.

ಹನ್ನೆರಡು ತುಂಬಿ ಎರಡು ತಿಂಗಳಾದ ಮೇಲೆ ಸಮಿತಿಯ ತೀರ್ಮಾನ ಬಂತು. ಒಂಬತ್ತು ಪುಟ. ವಕೀಲಮ್ಮ ಅದನ್ನು ಒಗೆತದ ಮನೆಗೇ ತಂದು, ಬಟ್ಟೆಯ ಗಂಟುಗಳ ನಡುವೆ ಕುಳಿತು, ನಿಧಾನವಾಗಿ ಬಿಡಿಸಿ ಹೇಳಿದರು.

ಅರ್ಜಿಯನ್ನು ನಾವು ನಿರಾಕರಿಸಿಯೇ ಇಲ್ಲ ಎಂದು ಸರ್ಕಾರ ಉತ್ತರಿಸಿತ್ತು. ಎರಡೂ ಕಚೇರಿಗಳಲ್ಲಿ ಅದು ಪರಿಶೀಲನೆಯಲ್ಲಿದೆ. ಬಟ್ಟೆಯ ಮೇಲಿನ ಮುದ್ರೆ ಯಾವ ಕಚೇರಿಯದೂ ಅಲ್ಲ. ಸಮಿತಿ ಮಗುವಿನ ಸ್ಥಿತಿಗೆ ಕಳವಳ ಪಟ್ಟಿತ್ತು. ಆದರೆ ದೇಶದೊಳಗಿನ ದಾರಿಗಳು ಮುಗಿದಿವೆ ಎಂಬುದು ಕಾಗದಗಳಿಂದ ಕಾಣುವುದಿಲ್ಲವಾದ್ದರಿಂದ ಈ ಹಂತದಲ್ಲಿ ದೂರನ್ನು ಕೈಗೆತ್ತಿಕೊಳ್ಳಲಾಗದು ಎಂದಿತ್ತು.

"ಅಂದ್ರೆ ಇಲ್ಲ ಅಂತಲಾ?" ಎಂದಳು ಮಡಿಕೆಯಕ್ಕ.

"ಹೌದು."

"ಬರೆದುಕೊಟ್ಟಿದ್ದಾರಾ?"

ವಕೀಲಮ್ಮ ತಲೆ ತಗ್ಗಿಸಿದರು. "ಬರೆದುಕೊಟ್ಟಿದ್ದಾರೆ."

"ಅವರೊಬ್ಬರಾದರೂ ಕೊಟ್ಟರಲ್ಲ," ಎಂದು ಅವಳು ಕೈ ಒರೆಸಿಕೊಂಡು ಕಾಗದವನ್ನು ತೆಗೆದುಕೊಂಡಳು.

ಅದರಲ್ಲಿ ಮಗಳ ವಿಷಯ ಎಲ್ಲಿದೆ ಎಂದು ಕೇಳಿ ತಿಳಿದುಕೊಂಡಳು. ಎರಡನೆಯ ಪುಟದಲ್ಲಿ, ಬಸ್ಸು, ಸೇತುವೆ, ತಾರೀಖು, ಎಲ್ಲ ಇದ್ದವು. ಮಗಳು ಹುಟ್ಟಿದ್ದಾಳೆ ಎನ್ನುವ ಮೊದಲ ಕಾಗದ ಅದು. ಮರುದಿನ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯರು ಒಂಬತ್ತು ಪುಟವನ್ನೂ ತಿರುವಿದರು. ಒಳ್ಳೆಯ ಮನುಷ್ಯ, ಎರಡು ಸಲ ತಿರುವಿದರು.

"ಹೆಸರೆಲ್ಲಮ್ಮ ಇದರಲ್ಲಿ?"

ಹೆಸರಿರಲಿಲ್ಲ. ಮಗುವಿಗೆ ತೊಂದರೆಯಾಗಬಾರದು ಎಂದು ಸಮಿತಿಯವರು ಅದನ್ನು ಮರೆಮಾಡಿ, ಅದರ ಜಾಗದಲ್ಲೆಲ್ಲ ಎರಡು ಅಕ್ಷರ, ಎರಡು ಚುಕ್ಕೆ ಇಟ್ಟಿದ್ದರು.

"ಇದು ಯಾರು ಬೇಕಾದರೂ ಆಗಬಹುದು," ಎಂದರು ಅವರು, ಮೆಲ್ಲಗೆ. "ಅದೂ ಅಲ್ಲದೆ ಹನ್ನೆರಡು ದಾಟಿಬಿಟ್ಟಿದೆ."

ಮೊದಲಿನಿಂದ ಮತ್ತೆ ಅರ್ಜಿ ಹಾಕೋಣ ಎಂದು ವಕೀಲಮ್ಮ ಹೇಳಿ ಕಳಿಸಿದರು. ಮಡಿಕೆಯಕ್ಕ ಹೂಂ ಎಂದಳು. ತೀರ್ಮಾನದ ಪುಟಗಳನ್ನೂ ಮುದ್ರೆಯ ಪಟ್ಟಿಯನ್ನೂ ಸೇರಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿ, ಪೆಟ್ಟಿಗೆಯ ತಳದಲ್ಲಿಟ್ಟಳು. ಗಂಡ ಆ ದಿನ ಯಾವ ತಮಾಷೆಯನ್ನೂ ಮಾಡಲಿಲ್ಲ. ಚೂಟಿ ಶಾಲೆಗೆ ಹೋಗುವುದು ಅಲ್ಲಿಗೆ ನಿಂತಿತು.

ಆ ಚಳಿಗಾಲ ದೊಡ್ಡಮ್ಮನ ಮೊಣಕಾಲು ಪೂರಾ ಕೈಕೊಟ್ಟಿತು. ಅವಳು ಕೆಲಸ ಬಿಟ್ಟಳು. ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲ. ನಿಮ್ಮ ಹುಡುಗಿ ಮನೇಲೇ ಇರೋದಲ್ವಾ ಎಂದು ಮೇಸ್ತ್ರಿ ಮೂರು ಸಲ ಕೇಳಿದ. ಎರಡು ಸಲ ಅವಳು ಕೇಳದವಳಂತೆ ಇದ್ದಳು.

ಚೂಟಿ ಬಂದ ಬೆಳಿಗ್ಗೆ ಮೇಸ್ತ್ರಿ ಹಾಜರಿ ಪುಸ್ತಕ ತೆರೆದ. ಕೇಳಿದ್ದು ಹೆಸರೊಂದನ್ನೇ. ಹುಟ್ಟಿದ ದಿನ ಕೇಳಲಿಲ್ಲ, ಊರು ಕೇಳಲಿಲ್ಲ, ಕಾಗದ ಕೇಳಲಿಲ್ಲ. ದೊಡ್ಡಮ್ಮನ ಹೆಸರಿನ ಮೇಲೆ ಗೀಟು ಹಾಕಿ ಕೆಳಗೆ ಬರೆದುಕೊಂಡ. ಆಮೇಲೆ ಮೊದಲಿನಿಂದ ಒಂದೊಂದೇ ಹೆಸರು ಕೂಗುತ್ತ ಬಂದು ಒಂಬತ್ತನೆಯದಾಗಿ ಅವಳ ಹೆಸರನ್ನು ಕೂಗಿದ.

"ಬಂದಿದ್ದೀನಿ," ಎಂದಳು ಚೂಟಿ, ಯಂತ್ರಗಳ ಸದ್ದನ್ನು ದಾಟಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಒಬ್ಬಿಬ್ಬರು ತಿರುಗಿ ನೋಡಿ ನಕ್ಕರು.

ತಾಯಿ ಒಂದು ಹಾಸುಬಟ್ಟೆಯನ್ನು ಬಿಡಿಸಿ ತುದಿ ಕೊಟ್ಟಳು. ಮಗಳು ಹಿಂದಕ್ಕೆ ನಡೆದು ಹೋಗಿ ಕೈ ಮೇಲೆತ್ತಿದಳು. ಎತ್ತರ ಸಾಲದೆ ಅವಳ ಕಡೆಯ ಅಂಚು ನೆಲಕ್ಕೆ ತಾಗುತ್ತಿತ್ತು. "ಇನ್ನೂ ಮೇಲೆ," ಎಂದಳು ತಾಯಿ. ಅವಳು ತುದಿಗಾಲ ಮೇಲೆ ನಿಂತಳು.