ನಾಗರತ್ನ ಅಗುಳಿ ತೆಗೆದಳು

ನಮ್ಮ ಮನೆಯಲ್ಲಿ ಎರಡು ಚಟಗಳಿವೆ. ಕಾದಂಬರಿಯ ಚಟ ನನ್ನದು, ಯಂತ್ರಗಳ ಚಟ ನಮ್ಮ ಯಜಮಾನರದು. ಅಜ್ಜಂಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡು ದಿನವಿಡೀ ತಾಮ್ರದ ತಂತಿ ಸುತ್ತುವ ಮನುಷ್ಯ ಮನೆಗೆ ಬಂದ ಮೇಲಾದರೂ ಸುಮ್ಮನಿರಬಾರದೇ? ಮೊಬೈಲಿನಲ್ಲಿ ಹುಡುಕಿ ಹುಡುಕಿ ಏನಾದರೊಂದು ತರಿಸುತ್ತಲೇ ಇರುತ್ತಾರೆ. ಹಿಡಿಯಲ್ಲಿ ಟಾರ್ಚ್ ಇರುವ ಛತ್ರಿ ಬಂತು. ಬೆಳ್ಳುಳ್ಳಿ ಸುಲಿಯುವ ಡಬ್ಬಿ ಬಂತು; ಅದು ಸಿಪ್ಪೆಯ ಜೊತೆ ಬೆಳ್ಳುಳ್ಳಿಯನ್ನೂ ಅರ್ಧ ಮಾಯ ಮಾಡುತ್ತದೆ. ಅಂತರಘಟ್ಟೆ ಕಡೆಯ ನಮ್ಮ ತೆಂಗಿನ ತೋಟದ ಮೋಟಾರಿಗೆ ಅವರು ಹಾಕಿಸಿರುವ ಸ್ಟಾರ್ಟರ್ ತಾನೇ ಫೋನ್ ಮಾಡಿ "ಕರೆಂಟ್ ಬಂದಿದೆ" ಎನ್ನುತ್ತದೆ. ಮೊದಲ ಸಲ ಆ ಫೋನ್ ಎತ್ತಿದ ನಮ್ಮ ಅತ್ತೆ "ಸಂತೋಷ ಕಣಪ್ಪಾ, ಊಟ ಆಯ್ತಾ?" ಎಂದು ವಿಚಾರಿಸಿದ್ದರು.

ಅತ್ತೆಗೆ ಎರಡು ಚಟಗಳ ಮೇಲೂ ಒಂದೇ ಅಭಿಪ್ರಾಯ. ಮಗನಿಗೆ ಬಾಯಿಬಿಟ್ಟು ಬೈಯುತ್ತಿದ್ದರು. ನನಗೆ ಬೈಯುತ್ತಿರಲಿಲ್ಲ, ನನ್ನ ಕೈಯಲ್ಲಿ ಪುಸ್ತಕ ಕಂಡರೆ ಸೌಟಿನ ಸದ್ದು ಸ್ವಲ್ಪ ಜಾಸ್ತಿಯಾಗುತ್ತಿತ್ತು, ಅಷ್ಟೆ. ಹಾಗಾಗಿ ನಾನು ಇಪ್ಪತ್ತು ವರ್ಷ ಕಾದಂಬರಿಗಳನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಓದಿದೆ. ನಮ್ಮಿಬ್ಬರಿಗೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. "ಬೇಳೆ ಬೆಂತಾ?" "ಬೆಂತು." ಇಪ್ಪತ್ತು ವರ್ಷದ ಸಂಭಾಷಣೆಯ ಸಾರಾಂಶ ಇದು.

ಕಳೆದ ವರ್ಷ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬಾರದು, ಒಲೆಯ ಹತ್ತಿರ ಹೋಗಬಾರದು, ಟಿವಿ ನೋಡಬಾರದು. ಜೀವಮಾನದಲ್ಲಿ ಒಂದು ಗಳಿಗೆ ಸುಮ್ಮನೆ ಕೂತವರಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಹಗಲೆಲ್ಲ ಮಂಚದ ಮೇಲೆ ಕೂತು ನಿಟ್ಟುಸಿರು ಬಿಡತೊಡಗಿದರು. ಮಗ ಸುಮ್ಮನಿರುತ್ತಾರೆಯೇ? ಪುಸ್ತಕದ ಹಾಳೆಯ ಮೇಲೆ ಹಿಡಿದರೆ ಗಟ್ಟಿಯಾಗಿ ಓದುವ ಯಂತ್ರವೊಂದನ್ನು ತರಿಸಿಯೇ ಬಿಟ್ಟರು. ಪರೀಕ್ಷೆಗೆ ಪುಸ್ತಕ ಬೇಕಿತ್ತು. ಅಕ್ಕಿ ಡಬ್ಬದ ಹಿಂದಿನ ನನ್ನ ಗುಟ್ಟು ಹೀಗೆ ಬಯಲಾಯಿತು.

ಕೈಗೆ ಸಿಕ್ಕಿದ್ದು ತರೀಕೆರೆಯ ನನ್ನ ತವರಿನಿಂದ ತಂದಿದ್ದ, ನಾನಿನ್ನೂ ಓದಿರದ ಹಳೆಯ ಕಾದಂಬರಿ. ರಟ್ಟು ಇಲ್ಲ, ಹೆಸರಿಲ್ಲ, ಬರೆದವರು ಯಾರೋ ತಿಳಿಯದು. ಕಥೆಯ ನಾಯಕಿ ನಾಗರತ್ನ. ಹೊಲಿಗೆ ಮಿಷನ್ ಮಾರಲು ಊರೂರು ತಿರುಗುವ ಗಂಡ ಆರು ವರ್ಷವಾದರೂ ಮನೆಗೆ ಬಂದಿಲ್ಲ. ಅವನು ಬಿಟ್ಟುಹೋದ ಒಂದು ಮಿಷನ್ನಿನಲ್ಲೇ ಅವಳು ಬದುಕು ಕಟ್ಟುತ್ತಾಳೆ. ಯಂತ್ರ ಓದಲು ಶುರುಮಾಡಿತು. ಪುಟಸಂಖ್ಯೆಯನ್ನೂ ಬಿಡದೆ, ಅಳುವಿಗೂ ನಗುವಿಗೂ ಒಂದೇ ಸ್ವರದಲ್ಲಿ. ನಾಗರತ್ನಳ ತಾಯಿ ಸತ್ತಾಗ ಅತ್ತೆಗೆ ತಡೆಯಲಾಗಲಿಲ್ಲ.

"ಯಾರೇ ಅವನು? ತಾಯಿ ಸತ್ಲು ಅನ್ನೋದ್ನೂ ಬೀರೂರ್ ಬಸ್ ಬಂತು ಅನ್ನೋ ಹಂಗೆ ಹೇಳ್ತಾನೆ! ನಿಲ್ಸು. ನೀನು ಓದು."

ಓದಿದೆ. ನಮ್ಮ ಗಮಕದಲ್ಲಿ ಒಬ್ಬರು ಕಾವ್ಯ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ನಮ್ಮ ಮನೆಯಲ್ಲೂ ಅದೇ ವ್ಯವಸ್ಥೆ ತಾನಾಗಿ ಬಂತು. ನಾನು ಒಂದು ಪುಟ ಓದಿದರೆ ಅತ್ತೆಯ ವ್ಯಾಖ್ಯಾನ ಎರಡು ಪುಟ. "ಆ ಭಾವನನ್ನ ನಂಬಬೇಡ ಕಣೇ ನಾಗರತ್ನ" ಎಂದು ಅವರು ಎಚ್ಚರಿಸುವುದು, ಅವಳು ನಂಬಿ ಮೋಸಹೋಗುವುದು, "ನಾ ಹೇಳ್ಲಿಲ್ವಾ" ಎಂದು ಅವರು ಮಂಚ ಗುದ್ದುವುದು. ಮಧ್ಯಾಹ್ನ ಊಟವಾಗುತ್ತಲೇ "ಪಾತ್ರೆ ಆಮೇಲೆ ತೊಳೀಬೌದು, ಬಾ" ಎಂಬ ಕರೆ. ಇದನ್ನು ಹೇಳುತ್ತಿರುವವರು ನಮ್ಮ ಅತ್ತೆಯೇ ಎಂದು ನಂಬಲು ನನಗೆ ನಾಲ್ಕು ದಿನ ಬೇಕಾಯಿತು.

ಒಂದು ದಿನ ಕಥೆ ಇಲ್ಲಿಗೆ ಬಂತು: "ನಾಗರತ್ನ ಅಗುಳಿ ತೆಗೆದಳು. ಹೊರಗೆ ನಿಂತಿದ್ದವನನ್ನು ಕಂಡು ಅವಳು..." ಮುಂದೆ ಹಾಳೆಯೇ ಇಲ್ಲ. ತವರಿನ ಅಟ್ಟದಲ್ಲಿ ಇಲಿ ತಿಂದಿತ್ತು. ಅತ್ತೆ ಮಂಚದ ತುದಿಗೆ ಬಂದು ಕೂತಿದ್ದರು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅದೇ ಹಾಳೆ ನೋಡುತ್ತ ಬಾಯಿಗೆ ಬಂದದ್ದನ್ನು ಓದಿದೆ. ಗಂಡ ಕಾಲಿಗೆ ಬಿದ್ದ, ನಾಗರತ್ನ ಕಣ್ಣೊರೆಸಿಕೊಂಡು ಅವನನ್ನು ಎತ್ತಿದಳು, ಬಿಸಿ ಅನ್ನ ಬಡಿಸಿದಳು, ಮುಗಿಯಿತು. ಅತ್ತೆ "ಹೂಂ" ಎಂದರು. ಅಷ್ಟೇ. ಮಂಚ ಗುದ್ದಲಿಲ್ಲ.

ಆ "ಹೂಂ" ನನ್ನನ್ನು ಕಾಡಿತು. ತರೀಕೆರೆಗೆ ಹೋಗಿ ಅಣ್ಣನ ಮನೆಯ ಅಟ್ಟವನ್ನೆಲ್ಲ ಜಾಲಾಡಿ ಸೀನುತ್ತ ಬಂದೆ. ಕೊನೆಗೆ ನೆನಪಾದವರು ಕಡೂರಿನಲ್ಲಿರುವ ನಮ್ಮ ಹೈಸ್ಕೂಲಿನ ಕನ್ನಡ ಮೇಡಂ. ಅವರ ಮನೆಯ ಬಾಗಿಲಲ್ಲಿ ನಿಂತು, "ಮೇಡಂ, ಹೊಲಿಗೆ ಮಿಷನ್, ಓಡಿಹೋದ ಗಂಡ, ನಾಗರತ್ನ" ಎಂದೆ. "ಒಳಗ್ ಬಾರೇ. ಗಂಡನ್ನ ಹುಡುಕ್ತಿದ್ದೀಯೋ, ಪುಸ್ತಕಾನೋ?" ಎಂದು ನಕ್ಕು, ಬೀರುವಿನಿಂದ ಇಡೀ ಪುಸ್ತಕ ತೆಗೆದುಕೊಟ್ಟರು. ಬಸ್ಸಿನಲ್ಲೇ ಕೊನೆಯ ಪುಟಗಳನ್ನು ಓದಿದೆ. ನಾಗರತ್ನ ಗಂಡನಿಗೆ ಒಂದು ಲೋಟ ನೀರು ಕೊಡುತ್ತಾಳೆ. ಅವನು ಕುಡಿದ ಮೇಲೆ ಲೋಟ ಇಸಿದುಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ.

ಮನೆಗೆ ಬಂದು ತಪ್ಪೊಪ್ಪಿಕೊಂಡೆ. "ಅತ್ತೆ, ಆವತ್ತು ಓದಿದ್ದು ಪುಸ್ತಕದ್ದಲ್ಲ, ನಾನು ಕಟ್ಟಿದ್ದು."

"ಗೊತ್ತು ಕಣೇ."

"ಹೆಂಗೆ ಗೊತ್ತಾಯ್ತು?"

"ಮುನ್ನೂರು ಪುಟ ಅವಳು ಅವಳ ಹಂಗೇ ಇದ್ಲು. ಕೊನೇಲಿ ಇದ್ದಕ್ಕಿದ್ದಂಗೆ ನಿನ್ನಂಗಾಗ್ಬಿಟ್ಲು. ಯಾರು ಏನಂದ್ರೂ ನುಂಗ್ಕೊಂಡು ಅನ್ನ ಬಡ್ಸೋಳು ನೀನು, ಅವಳಲ್ಲ." ಕಪ್ಪು ಕನ್ನಡಕ ಬೇರೆಲ್ಲೋ ನೋಡುತ್ತಿತ್ತು. "ನಾನೂ ನಿನ್ಗೆ ಕಮ್ಮಿ ನುಂಗ್ಸಿಲ್ಲ, ಬಿಡು."

ಇಪ್ಪತ್ತು ವರ್ಷ ಬೇಳೆಯನ್ನು ಮಾತ್ರ ವಿಚಾರಿಸಿದವರು ನನ್ನನ್ನು ಇಷ್ಟು ಸರಿಯಾಗಿ ಓದಿಕೊಂಡಿದ್ದರು. ನನಗೆ ಕಣ್ಣು ತುಂಬಿತು; ಒರೆಸಿಕೊಂಡು ನಿಜವಾದ ಕೊನೆಯನ್ನು ಓದಿದೆ. ಕೇಳಿ, "ಚೆನ್ನಾಗೈತೆ. ಆದ್ರೆ ಅವಸರ ಮಾಡ್ಬಿಟ್ಟ ಬರ್ದೋನು" ಎಂದರು.

ಕಣ್ಣು ವಾಸಿಯಾಯಿತು, ಕನ್ನಡಕ ಹೋಯಿತು. ಮೊನ್ನೆ ನಾನು ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೊರಟಾಗ ಜಗಲಿಯಲ್ಲಿ ಪಕ್ಕದ ಮನೆಯ ಸಾವಿತ್ರಮ್ಮನವರಿಗೆ ಅತ್ತೆ ನಾಗರತ್ನಳ ಕಥೆ ಹೇಳುತ್ತಿದ್ದರು. "ಬಾಗ್ಲು ಹಾಕ್ಕೊಂಡ್ಲಾ?" ಎಂದು ಸಾವಿತ್ರಮ್ಮ ಕೇಳಿದರು.

"ಬಾಗ್ಲು ಹಾಕೋದಾ? ಚೆನ್ನಾಗಿ ಹೇಳಿದ್ರಿ! ನಾಗರತ್ನ ಒಳಗ್ ಕರುದ್ಲು ಕಣ್ರೀ. ಮಿಷನ್ ಮುಂದೆ ಕೂರ್ಸಿದ್ಲು. 'ಆರು ವರ್ಷದ ಬಟ್ಟೆ ಬಾಕಿ ಐತೆ, ತುಳೀ' ಅಂದ್ಲು."

"ಆಮೇಲೆ?" ಎಂದರು ಸಾವಿತ್ರಮ್ಮ.

ನಾನು ಅತ್ತೆಯನ್ನು ತಿದ್ದಲು ಹೋಗಲಿಲ್ಲ. ತೊಳೆಯಬೇಕಾದ ಪಾತ್ರೆಗಳನ್ನು ಸದ್ದಾಗದಂತೆ ಕೆಳಗಿಟ್ಟು ಬಾಗಿಲ ಮರೆಯಲ್ಲಿ ಕೂತೆ. ಆಮೇಲೆ ಏನಾಯಿತೆಂದು ನನಗೂ ತಿಳಿಯಬೇಕಿತ್ತು.