ಬಚ್ಚಲ ಕಿಟಕಿಗೆ ಹಚ್ಚಿದ ರಟ್ಟು

ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ಅತ್ತೆ ಸ್ನಾನಕ್ಕೆ ಹೋಗಿ ಬಹಳ ಹೊತ್ತಾಗಿತ್ತು.

ನಾನು ಮಗಳ ಡಬ್ಬಿಗೆ ಚಪಾತಿ ಮಾಡುತ್ತಿದ್ದೆ. ಅವಳು ಹೋಗಿ ಬಾಗಿಲು ತಟ್ಟಿ ಬಂದು, "ಮಮ್ಮಿ, ಆಜಿ ಬೋಲತ್ ನಾಹೀ" ಎಂದಳು. ಇಲ್ಲೇ ನಾಸಿಕಿನಲ್ಲಿ ಹುಟ್ಟಿ ಬೆಳೆದವಳು, ಗಾಬರಿಯಾದರೆ ಮರಾಠಿಯೇ ಬರುತ್ತದೆ. ಅಜ್ಜಿ ಮಾತಾಡುತ್ತಿಲ್ಲ...

ನಾನೂ ಕೂಗಿದೆ. ಎದುರು ಮನೆಯ ಗಂಡ ಹೆಂಡತಿ ಓಡಿ ಬಂದು ಬಾಗಿಲು ದೂಡಿ ಚಿಲಕ ಕಿತ್ತರು.

ಹಬೆ ತುಂಬಿದ ಬಚ್ಚಲಲ್ಲಿ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಅರ್ಧ ತೆರೆದಿತ್ತು. ತಂಬಿಗೆ ಕೈಯಲ್ಲೇ ಇತ್ತು.

ಇದಾಗಿ ಒಂದು ತಿಂಗಳಾಗುತ್ತ ಬಂತು. ಯಾರಿಗೂ ಪೂರ್ತಿ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ನಾವಿರುವುದು ನಾಸಿಕ್ ರೋಡಿನಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆ. ನಮ್ಮವರು ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅತ್ತೆ ಹಳೆ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದರು. ಚಳಿಗಾಲ ಹತ್ತಿರ ಬಂದರೆ ಓಣಿಯ ಹೆಂಗಸರೆಲ್ಲ ಸೀರೆ ಹಿಡಿದುಕೊಂಡು ಅವರ ಹತ್ತಿರ ಬರುತ್ತಿದ್ದರು.

ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಮೂವರೂ ಕೂತು ಚಳಿಗಾಲದ ಖರ್ಚಿನ ಬಗ್ಗೆ ಮಾತಾಡುತ್ತೇವೆ. ಮಗಳ ಸ್ವೆಟರ್, ಒಂದು ಹೊಸ ರಗ್ಗು, ಚಳಿಗೆ ಕೆಲಸ ತಡವಾದರೆ ಕೈಯಲ್ಲಿರಲಿ ಅಂತ ಒಂದಿಷ್ಟು ದುಡ್ಡು.

ಈ ಸಲ ಅತ್ತೆಯ ಮೊಣಕಾಲು ನೋವು ಜಾಸ್ತಿಯಾಗಿತ್ತು. ಆದರೂ ಬೆಳಗಿನ ತಣ್ಣೀರು ಸ್ನಾನ ಬಿಡುತ್ತಿರಲಿಲ್ಲ. ಕರೆಂಟಿನ ಗೀಸರ್ ಹಾಕಿಸಿದರೆ ಬಿಲ್ ಕಟ್ಟುವುದು ಕಷ್ಟ. ಅದಕ್ಕೆ ನಮ್ಮವರು ಯಾರೋ ಬಳಸಿದ್ದ ಗ್ಯಾಸ್ ಗೀಸರ್ ತಂದರು. ಅತ್ತೆ ಬೇಡವೆಂದರು, ನಾನೇ ಒಪ್ಪಿಸಿದೆ.

ಅದನ್ನು ತಂದಿಟ್ಟು ನಮ್ಮವರು ಸಂಭಾಜಿನಗರದ ಸೈಟಿಗೆ ಹೊರಟುಹೋದರು. ಫಿಟ್ಟರ್ ಬಂದಾಗ ಮನೆಯಲ್ಲಿ ನಾನೊಬ್ಬಳೇ. ಬಚ್ಚಲ ಹೊರಗೆ ಕೂರಿಸುವುದು ಒಳ್ಳೆಯದು, ಆದರೆ ಪೈಪು ಜಾಸ್ತಿ ಬೇಕು ಎಂದ. ಆ ಖರ್ಚು ಬೇಡ, ಒಳಗೇ ಹಾಕಿ ಎಂದೆ.

ಹೋಗುವಾಗ ಬಾಗಿಲಲ್ಲಿ ನಿಂತು, "ದೀದಿ, ಖಿಡಕಿ ಕಭೀ ಬಂದ್ ಮತ್ ಕರನಾ" ಎಂದ. ಕಿಟಕಿ ಯಾವತ್ತೂ ಮುಚ್ಚಬೇಡಿ.

ನಾನು ಹೂಂ ಅಂದೆ.

ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ಚಳಿ ಏರಿತು. ಬಚ್ಚಲ ಮೇಲಿನ ಸಣ್ಣ ಕಿಟಕಿಗೆ ಗಾಜಿಲ್ಲ, ಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಬಿಸಿನೀರು ಹಾಕಿಕೊಂಡರೂ ಅತ್ತೆ ಗಡಗಡ ನಡುಗುತ್ತ ಹೊರಗೆ ಬಂದರು. ನೋಡಲಾಗಲಿಲ್ಲ.

ಆ ಸಂಜೆ ಸ್ಟೂಲ್ ಹತ್ತಿ, ಒಂದು ರಟ್ಟು ಕತ್ತರಿಸಿ ಕಿಟಕಿಗೆ ಇಟ್ಟು ಸುತ್ತಲೂ ಟೇಪ್ ಹಚ್ಚಿದೆ.

ಫಿಟ್ಟರ್ ಹೇಳಿದ್ದು ನೆನಪೇ ಆಗಲಿಲ್ಲ ಅಂತ ಹೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ನೆನಪಾಯಿತು. ಐದು ನಿಮಿಷದ ಸ್ನಾನಕ್ಕೆ ಏನಾಗುತ್ತದೆ ಅಂದುಕೊಂಡೆ...

ಮರುದಿನ ಬೆಳಿಗ್ಗೆಯೇ ಬಾಗಿಲು ಮುರಿಯಬೇಕಾಯಿತು.

ಗೀಸರ್ ಉರಿದಾಗ ಹುಟ್ಟುವ ವಿಷದ ಗಾಳಿ ಒಳಗೇ ಸೇರಿಕೊಂಡಿದೆ, ಅದಕ್ಕೆ ವಾಸನೆಯೂ ಇರುವುದಿಲ್ಲ ಎಂದರು ಆಸ್ಪತ್ರೆಯ ಡಾಕ್ಟರ್. ಗಾಳಿ ಆಡಲು ದಾರಿ ಇತ್ತಾ ಎಂದು ಕೇಳಿದರು. ಒಂದು ಕಿಟಕಿ ಇದೆ ಅಂದೆ.

ಮಧ್ಯಾಹ್ನ ಅತ್ತೆಯ ಬಟ್ಟೆ ತರಲು ಮನೆಗೆ ಬಂದವಳು ಮೊದಲು ಆ ರಟ್ಟು ಕಿತ್ತೆ. ಚೂರು ಚೂರು ಮಾಡಿ ಕಸದ ಚೀಲಕ್ಕೆ ತುಂಬಿ, ಕಸದ ಘಂಟಾಗಾಡಿ ಬಂದಾಗ ಕೊಟ್ಟುಬಿಟ್ಟೆ. ನಮ್ಮವರು ಸಂಭಾಜಿನಗರದಿಂದ ಬಂದು ಬಚ್ಚಲು ನೋಡಿದಾಗ ಕಿಟಕಿ ತೆರೆದೇ ಇತ್ತು.

ಅತ್ತೆ ಉಳಿದರು. ಚಳಿಗಾಲಕ್ಕೆಂದು ಎತ್ತಿಟ್ಟಿದ್ದೆಲ್ಲ ಆಸ್ಪತ್ರೆಗೇ ಹೋಯಿತು, ಹೋಗಲಿ. ಆದರೆ ಮನೆಗೆ ಬಂದ ಅತ್ತೆ ಮೊದಲಿನ ಅತ್ತೆ ಅಲ್ಲ. ಬೆರಳು ನಡುಗುತ್ತವೆ, ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಉಂಡು ಕೈ ತೊಳೆದ ಮೇಲೆ, "ಉಣ್ಣಾಕ ಹಾಕ್ತಿಯೇನವ್ವಾ?" ಎಂದು ಕೇಳುತ್ತಾರೆ.

ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು ಅಂತಾರೆ ಡಾಕ್ಟರ್.

ನಮ್ಮವರು ಗೀಸರ್ ಕಿತ್ತು ಗುಜರಿಗೆ ಹಾಕಿದರು. ಆ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, "ನಾಕ್ ರೊಕ್ಕ ಉಳಸಾಕ ಹೋಗಿ ಹಳೇ ಮಷೀನ್ ತಂದೆ. ನಮ್ಮವ್ವನ್ನ ನಾನಽ ಹಾಳ ಮಾಡಿದೆ" ಎಂದರು.

ಅಲ್ಲೇ ಹೇಳಬೇಕಿತ್ತು. ಬಾಯಿ ಕೂಡ ತೆರೆದೆ.

"ಹಂಗ ಅನಬ್ಯಾಡ್ರಿ" ಅಂದೆ. ಅಷ್ಟೇ.

ಈಗ ದಿನಾ ಒಲೆ ಮೇಲೆ ನೀರು ಕಾಯಿಸಿ ಅತ್ತೆಯ ಮೈ ಒರೆಸುತ್ತೇನೆ. ಎಷ್ಟು ಬಿಸಿನೀರು ಉಳಿದರೂ ನಮ್ಮವರು ಮುಟ್ಟುವುದಿಲ್ಲ. ಇಂಥ ಚಳಿಯಲ್ಲಿ ತಣ್ಣೀರು ಸುರಿದುಕೊಳ್ಳುತ್ತಾರೆ, ಒಳಗಿನಿಂದ ಹಲ್ಲು ಕಟಕಟಿಸುವುದು ನನಗೆ ಕೇಳಿಸುತ್ತದೆ.

ಓಣಿಯವರು ನನಗೆ ಒಳ್ಳೆ ಸೊಸೆ ಅಂತಾರೆ.

ಇಲ್ಲಿ ಇದನ್ನು ಬರೆಯಲು ಧೈರ್ಯ ಬಂದದ್ದಕ್ಕೂ ಒಂದು ಕಾರಣವಿದೆ. ನಮ್ಮವರು ಓದಿದ್ದು ನಾಸಿಕಿನ ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾರೆ, ಆದರೆ ಓದಲು ಬರುವುದಿಲ್ಲ.

ನೀವಾಗಿದ್ದರೆ ಇದನ್ನು ಅವರಿಗೆ ಓದಿ ಹೇಳುತ್ತಿದ್ದಿರಾ?